ತಟಸ್ಥನ ಸಾಕ್ಷ್ಯ

ಬೆಂಕಿ ಹೊತ್ತಿಸಿದವನನ್ನು ಲೋಕ ಕೊಂಡಾಡುತ್ತದೆ. ಹೊತ್ತಿದುದು ಬೆಂಕಿಯೇ ಹೌದೆ ಎಂದು ಪರೀಕ್ಷಿಸಿ ಹೇಳಿದವನನ್ನು ಕೊಂಡಾಡುವ ವಾಡಿಕೆಯಿಲ್ಲ. ಚಿನ್ನದ ಒಡವೆ ಮಾಡಿದ ಅಕ್ಕಸಾಲಿಗನಿಗೆ ಹೆಸರುಂಟು. ಅವನ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಕರಿಯ ಒರೆಗಲ್ಲಿಗೆ ಯಾವ ಹೆಸರು? ಆದರೂ ಆ ಕಲ್ಲು ಇಲ್ಲದಿದ್ದರೆ ಹೊನ್ನಿಗೂ ಹಿತ್ತಾಳೆಗೂ ಇರುವ ಭೇದವನ್ನು ಹೇಳುವವರು ಯಾರು? ಈಚೆಗೆ ಕೆಲವು ವರ್ಷಗಳಿಂದ, ಸೂರ್ಯನನ್ನೇ ಭೂಮಿಗೆ ಇಳಿಸಿದೆವು, ಇನ್ನೇನು ಇಳಿಸಲಿದ್ದೇವೆ ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿವೆ. ಅವನ್ನು ಓದುವಾಗಲೆಲ್ಲ ನನಗೆ ಈ ಒರೆಗಲ್ಲಿನ ನೆನಪಾಗುತ್ತದೆ. ಬೈಜಿಕ ಸಮ್ಮಿಲನಕ್ಕೂ ಅಂಥದೊಂದು ಒರೆಗಲ್ಲು ಉಂಟು. ಅದಕ್ಕೆ ನ್ಯೂಟ್ರಾನ್ ರೋಹಿತಮಾಪಕವೆಂದು ಹೆಸರು. ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಕಾಲೇಜಿನಲ್ಲಿ ಪಂಪನನ್ನೂ ರನ್ನನನ್ನೂ ಪಾಠ ಹೇಳುವವನಿಗೆ ಈ ವಿಷಯದಲ್ಲೇನು ಅಧಿಕಾರವೆಂದು ವಾಚಕರು ಕೇಳಬಹುದು. ಭೌತವಿಜ್ಞಾನದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಸಾಕ್ಷ್ಯವನ್ನು ತೂಗುವ ಕೆಲಸ ನನ್ನ ವೃತ್ತಿಗೆ ಹೊರತಾದುದಲ್ಲ. ಓಲೆಯ ಪ್ರತಿಗಳನ್ನು ಎಣಿಸಿದರೆ ಸಾಲದು, ತೂಗಿ ನೋಡಬೇಕೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಹತ್ತು ಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ, ಆ ಹತ್ತೂ ಒಬ್ಬ ಲಿಪಿಕಾರನ ಒಂದು ತಪ್ಪಿನಿಂದ ಹುಟ್ಟಿದುವಾದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. 'ಎಷ್ಟು' ಎಂಬ ಪ್ರಶ್ನೆಗಿಂತ 'ಎಂಥದು' ಎಂಬ ಪ್ರಶ್ನೆ ದೊಡ್ಡದು. ಸಮ್ಮಿಲನ ಸಂಶೋಧನೆಯ ಚರಿತ್ರೆಯಲ್ಲಿ ಇದೇ ಪಾಠವನ್ನು ಒಂದು ದೊಡ್ಡ ದೇಶ ಲೋಕದ ಎದುರಿಗೆ ಕಲಿಯಬೇಕಾಯಿತು. ಆ ಕತೆಗೆ ಹೋಗುವ ಮೊದಲು ವಿಷಯದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯ.

ಹಗುರವಾದ ಎರಡು ಪರಮಾಣು ಬೀಜಗಳು ಕೂಡಿ ಒಂದಾಗುವುದೇ ಸಮ್ಮಿಲನ. ಜಲಜನಕದ ಭಾರವಾದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳು ಕೂಡಿದಾಗ ಒಂದು ಹೀಲಿಯಂ ಬೀಜವೂ ಒಂದು ನ್ಯೂಟ್ರಾನೂ ಹುಟ್ಟುತ್ತವೆ. ಹುಟ್ಟಿದ ಶಕ್ತಿಯ ಐದರಲ್ಲಿ ನಾಲ್ಕು ಪಾಲು, ಎಂದರೆ ಸುಮಾರು ೧೪ ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳಷ್ಟು, ಆ ನ್ಯೂಟ್ರಾನಿನ ಪಾಲಿಗೆ ಬರುತ್ತದೆ. ಅದು ಸೆಕೆಂಡಿಗೆ ೫೧ ಸಾವಿರ ಕಿಲೊಮೀಟರಿಗೂ ಮಿಕ್ಕ ವೇಗದಿಂದ ಹೊರಕ್ಕೆ ಹಾರುತ್ತದೆ. ಡ್ಯೂಟೀರಿಯಂ ಬೀಜಗಳೆರಡು ಕೂಡಿದರೂ ನ್ಯೂಟ್ರಾನ್ ಹುಟ್ಟುವುದುಂಟು. ಅದರ ಶಕ್ತಿ ೨.೪೫ ದಶಲಕ್ಷ ಎಲೆಕ್ಟ್ರಾನ್ ವೋಲ್ಟು. ಈ ಬೀಜಗಳು ಒಂದನ್ನೊಂದು ದೂರ ತಳ್ಳುವ ಸ್ವಭಾವದವು. ಆ ವಿಕರ್ಷಣೆಯನ್ನು ಮೀರಿ ಅವು ಕೂಡಬೇಕಾದರೆ ಹತ್ತು ಕೋಟಿ ಡಿಗ್ರಿಗೂ ಹೆಚ್ಚಿನ ಉಷ್ಣತೆ ಬೇಕು. ಅಷ್ಟು ಕಾದ ಅನಿಲವೇ ಪ್ಲಾಸ್ಮಾ. ಅದನ್ನು ಹಿಡಿದಿಡಬಲ್ಲ ಪಾತ್ರೆಯಾವುದೂ ಇಲ್ಲವಾದ ಕಾರಣ, ಅಯಸ್ಕಾಂತ ಕ್ಷೇತ್ರದ ಬಲೆಯಲ್ಲಿ ಅದನ್ನು ತೂಗಹಾಕುತ್ತಾರೆ.

ಇಲ್ಲಿಯೇ ನಮ್ಮ ಭಾಷೆಯ ಒಂದು ಶಬ್ದ ನೆರವಿಗೆ ಬರುತ್ತದೆ. ನ್ಯೂಟ್ರಾನ್ ವಿದ್ಯುದಂಶವಿಲ್ಲದ, ತಟಸ್ಥವಾದ ಕಣ. ತಟಸ್ಥನೆಂದರೆ ತಟದಲ್ಲಿ ನಿಂತವನು, ಹೊಳೆಯ ಸೆಳೆತಕ್ಕೆ ಸಿಕ್ಕದೆ ದಡದಿಂದ ನೋಡುವವನು. ಪ್ಲಾಸ್ಮಾದ ಉಳಿದ ಕಣಗಳೆಲ್ಲ ಅಯಸ್ಕಾಂತದ ಸುಳಿಯಲ್ಲಿ ಸಿಕ್ಕಿ ತಿರುಗುತ್ತಿರುವಾಗ ನ್ಯೂಟ್ರಾನ್ ಒಂದೇ ಆ ಬಲೆಯನ್ನು ಲೆಕ್ಕಿಸದೆ ನೇರವಾಗಿ ಹೊರಗೆ ಬರುತ್ತದೆ. ಲೋಹದ ಗೋಡೆಯನ್ನೂ ದಾಟಬಲ್ಲದು. ಒಳಗೆ ಹುಟ್ಟಿದರೂ ಒಳಗಿನ ಪಕ್ಷಕ್ಕೆ ಸೇರದ ಇಂಥ ಸಾಕ್ಷಿ ಇನ್ನೆಲ್ಲಿ ಸಿಕ್ಕೀತು? ಕಷ್ಟವಿರುವುದು ಆ ಗುಣದಲ್ಲಿಯೇ. ಯಾವುದಕ್ಕೂ ಅಂಟಿಕೊಳ್ಳದ ಕಣವನ್ನು ಹಿಡಿದು ಮಾತಾಡಿಸುವ ಬಗೆ ಹೇಗೆ? ರೋಹಿತಮಾಪಕದ ರಚನೆಯೆಲ್ಲ ಈ ಒಂದು ಪ್ರಶ್ನೆಗೆ ಕಂಡುಕೊಂಡ ಉತ್ತರ.

ಮಾತಾಡಿಸಿದರೆ ಅದು ಏನನ್ನು ಹೇಳುತ್ತದೆ? ಓಡುವ ಬಂಡಿಯ ಮೇಲೆ ನಿಂತು ಮುಂದಕ್ಕೆ ಎಸೆದ ಕಲ್ಲಿಗೆ ಬಂಡಿಯ ವೇಗವೂ ಸೇರುತ್ತದೆ. ಹಿಂದಕ್ಕೆ ಎಸೆದ ಕಲ್ಲಿನ ವೇಗ ಅಷ್ಟೇ ಕುಗ್ಗುತ್ತದೆ. ಕಾದ ಪ್ಲಾಸ್ಮಾದಲ್ಲಿ ಕೂಡುವ ಬೀಜಗಳು ಎಲ್ಲ ದಿಕ್ಕುಗಳಿಗೂ ಓಡುತ್ತಿರುವುದರಿಂದ, ಅವುಗಳಿಂದ ಹುಟ್ಟಿದ ನ್ಯೂಟ್ರಾನುಗಳೆಲ್ಲ ಸರಿಯಾಗಿ ಒಂದೇ ಶಕ್ತಿಯನ್ನು ತೋರುವುದಿಲ್ಲ. ಕೆಲವು ತುಸು ಹೆಚ್ಚು, ಕೆಲವು ತುಸು ಕಡಿಮೆ. ರೋಹಿತದಲ್ಲಿ ತೆಳುವಾದ ಗೆರೆಯಂತೆ ಕಾಣಬೇಕಾದುದು ಗುಡ್ಡದಂತೆ ಹರಡಿಕೊಳ್ಳುತ್ತದೆ. ಆ ಗುಡ್ಡದ ಅಗಲವೇ ಪ್ಲಾಸ್ಮಾದ ಉಷ್ಣತೆಯ ಅಳತೆ. ಉಷ್ಣತೆ ನಾಲ್ಕು ಮಡಿಯಾದರೆ ಅಗಲ ಎರಡು ಮಡಿಯಾಗುತ್ತದೆ. ಗುಡ್ಡ ಎರಡು ಕಡೆಗೂ ಸಮನಾಗಿ ಇಳಿದಿದ್ದರೆ ಒಳಗಿನ ಕಾವು ನಿಜವಾದ ಕಾವು. ಒಂದು ಕಡೆಗೆ ವಾಲಿದ್ದರೆ, ಇಲ್ಲವೆ ನಡುವೆ ಭುಜಗಳೆದ್ದು ನಿಂತಿದ್ದರೆ, ಅಲ್ಲಿ ಬೇರೆ ಏನೋ ನಡೆದಿದೆಯೆಂದು ತಿಳಿಯಬೇಕು.

ಇನ್ನು ಆ ಕತೆ. ಜಿನೀವಾದಲ್ಲಿ ೧೯೫೫ರಲ್ಲಿ ನಡೆದ ಪರಮಾಣುಶಕ್ತಿಯ ಶಾಂತಿಯುತ ಉಪಯೋಗದ ಸಮ್ಮೇಳನದ ಅಧ್ಯಕ್ಷಪೀಠದಿಂದ ನಮ್ಮ ಹೋಮಿ ಭಾಭಾ ಅವರು, ಇನ್ನೆರಡು ದಶಕಗಳಲ್ಲಿ ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿ ಬಿಡುಗಡೆ ಮಾಡುವ ಮಾರ್ಗ ದೊರೆಯುವುದೆಂದು ಭವಿಷ್ಯ ನುಡಿದಿದ್ದರು. ಆಗ ಎಲ್ಲ ದೇಶಗಳಲ್ಲೂ ಉತ್ಸಾಹದ ಹೊಳೆ ಹರಿಯುತ್ತಿತ್ತು. ಇಂಗ್ಲೆಂಡಿನ ಹಾರ್ವೆಲ್ಲಿನಲ್ಲಿ ಜೀಟಾ ಎಂಬ ಬಳೆಯಾಕಾರದ ದೊಡ್ಡ ಯಂತ್ರವೊಂದು ೧೯೫೭ರ ಆಗಸ್ಟಿನಲ್ಲಿ ಕೆಲಸಕ್ಕೆ ತೊಡಗಿತು. ಅದೇ ತಿಂಗಳ ಕೊನೆಗೆ ನ್ಯೂಟ್ರಾನುಗಳು ಕಾಣಿಸಿಕೊಂಡವು. ಉಷ್ಣತೆ ಐವತ್ತು ಲಕ್ಷ ಡಿಗ್ರಿಯೆಂದು ಲೆಕ್ಕ ಹಾಕಿದರು. ಅಷ್ಟು ಕಾವಿಗೆ ಎಷ್ಟು ನ್ಯೂಟ್ರಾನುಗಳು ಹುಟ್ಟಬೇಕೋ ಹೆಚ್ಚುಕಡಿಮೆ ಅಷ್ಟೇ ಎಣಿಕೆಗೂ ಬಂದವು. ಲೆಕ್ಕ ಕೂಡಿದ ಮೇಲೆ ಸಂಶಯವೇಕೆ? ೧೯೫೮ರ ಜನವರಿ ೨೫ರಂದು ಸಂಗತಿ ಪ್ರಕಟವಾಯಿತು. ಇವು ಸಮ್ಮಿಲನದ ನ್ಯೂಟ್ರಾನುಗಳೆಂಬುದು ನೂರಕ್ಕೆ ತೊಂಬತ್ತು ಪಾಲು ಖಚಿತವೆಂದು ಸಂಸ್ಥೆಯ ಮುಖ್ಯಸ್ಥರಾದ ಸರ್ ಜಾನ್ ಕಾಕ್‌ಕ್ರಾಫ್ಟ್ ಪತ್ರಿಕೆಗಳವರಿಗೆ ಹೇಳಿದರು. ಉಳಿದ ಹತ್ತು ಪಾಲನ್ನು ಪತ್ರಿಕೆಗಳು ಮರೆತವು. ಬ್ರಿಟನ್ ಸೂರ್ಯನನ್ನು ಸೃಷ್ಟಿಸಿತೆಂದು ಲೋಕವೆಲ್ಲ ಮೊಳಗಿತು.

ಹೆಚ್ಚು ಆಶ್ಚರ್ಯದ ಸಂಗತಿಯೆಂದರೆ, ಇದೇ ಹಾರ್ವೆಲ್ಲಿನಲ್ಲಿ ೧೯೫೬ರ ಏಪ್ರಿಲಿನಲ್ಲಿ ಸೋವಿಯತ್ ವಿಜ್ಞಾನಿ ಕುರ್ಚಾಟೋವ್ ಉಪನ್ಯಾಸ ಮಾಡಿದಾಗ, ಇಂಥ ವಿದ್ಯುತ್ ಸ್ಫುರಣಗಳಲ್ಲಿ ನ್ಯೂಟ್ರಾನುಗಳು ಕಂಡರೂ ಅವು ಕಾವಿನಿಂದಲೇ ಹುಟ್ಟಿದುವೆಂದು ನಂಬಲಾಗದೆಂದು ಎಚ್ಚರಿಸಿದ್ದರು. ಎಚ್ಚರಿಕೆಯನ್ನು ಕೇಳಿದವರೂ ಅದೇ ಮನೆಯವರು, ಮರೆತವರೂ ಅದೇ ಮನೆಯವರು. ಆದರೆ ಆ ಮನೆಯ ಮರ್ಯಾದೆಯನ್ನು ಉಳಿಸಿದವರೂ ಅಲ್ಲಿಯವರೇ ಎಂಬುದನ್ನು ಮರೆಯಬಾರದು. ಹಾರ್ವೆಲ್ಲಿನ ಬೇಸಿಲ್ ರೋಸ್ ಮತ್ತು ಅವರ ಸಹೋದ್ಯೋಗಿಗಳು ನ್ಯೂಟ್ರಾನುಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಅವುಗಳ ಶಕ್ತಿಯನ್ನು ಅಳೆದರು. ಕಣಗಳು ಹಾದುಹೋದ ಜಾಡು ಹನಿಗಳ ಗೆರೆಯಾಗಿ ಕಾಣುವ ಮೋಡದ ಪೆಟ್ಟಿಗೆಯೊಂದನ್ನು ಯಂತ್ರದ ಬಳಿ ಇಟ್ಟು, ನ್ಯೂಟ್ರಾನಿನ ಪೆಟ್ಟು ತಿಂದ ಪ್ರೋಟಾನುಗಳ ಜಾಡನ್ನು ಪರೀಕ್ಷಿಸಿದರು. ಆಮೇಲೆ ಬಳೆಯೊಳಗೆ ಹರಿಯುವ ವಿದ್ಯುತ್ತಿನ ದಿಕ್ಕನ್ನು ತಿರುಗಿಸಿ ಮತ್ತೆ ಅಳೆದರು. ನ್ಯೂಟ್ರಾನುಗಳು ನಿಜವಾದ ಕಾವಿನಿಂದ ಹುಟ್ಟಿದ್ದರೆ ದಿಕ್ಕು ತಿರುಗಿಸಿದ ಮಾತ್ರಕ್ಕೆ ಅವುಗಳ ಶಕ್ತಿ ಏಕೆ ಬದಲಾಗಬೇಕು? ಇಲ್ಲಿ ಬದಲಾಯಿತು. ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಪ್ಲಾಸ್ಮಾದ ಅಸ್ಥಿರತೆಗಳಿಂದ ಕೆಲವೇ ಬೀಜಗಳು ಒಂದು ಕಡೆಗೆ ವೇಗವಾಗಿ ನೂಕಲ್ಪಟ್ಟು, ಉಳಿದವಕ್ಕೆ ಢಿಕ್ಕಿ ಹೊಡೆದು ನ್ಯೂಟ್ರಾನುಗಳನ್ನು ಹುಟ್ಟಿಸುತ್ತಿದ್ದವು. ಇಡೀ ಅನ್ನ ಬೆಂದಿರಲಿಲ್ಲ; ನಾಲ್ಕು ಅಗುಳು ಸಿಡಿದು ಬೆಂದುವಷ್ಟೆ. ಅದೇ ೧೯೫೮ರ ಮೇ ತಿಂಗಳಲ್ಲಿ ಹಾರ್ವೆಲ್ ತನ್ನ ಮಾತನ್ನು ಹಿಂತೆಗೆದುಕೊಂಡಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಅವಮಾನದ ಕತೆಯೆಂದು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಘೋಷಣೆಯಾಗಿ ನಾಲ್ಕು ತಿಂಗಳೊಳಗೆ, ಹೊರಗಿನವರ ನಿಂದೆಯಿಂದಲ್ಲದೆ ತಮ್ಮದೇ ಸಂಸ್ಥೆಯ ಅಳತೆಯಿಂದ ತಪ್ಪನ್ನು ಕಂಡು ಹೊರಗೆ ಹೇಳಿದರಲ್ಲ, ಅದು ವಿಜ್ಞಾನದ ಸೋಲಲ್ಲ. ಎಣಿಕೆ ಮಾಡಿದ ಉಪಕರಣ 'ಹೌದು' ಎಂದಿತು. ಶಕ್ತಿಯನ್ನು ಅಳೆದ ಉಪಕರಣ 'ಅಲ್ಲ' ಎಂದಿತು. ಅಲ್ಲವೆನ್ನುವ ಶಕ್ತಿಯುಳ್ಳ ಉಪಕರಣವೇ ಉಪಕರಣ. ಒಡೆಯ ಬಯಸಿದುದನ್ನೇ ನುಡಿಯುವ ಸಾಕ್ಷಿಯಿಂದ ಯಾವ ನ್ಯಾಯವೂ ತೀರ್ಮಾನವಾಗದು.

ಇದರ ಮುಂದಿನ ಅಧ್ಯಾಯವೂ ನೆನೆಯತಕ್ಕದ್ದು. ಸೋವಿಯತ್ ದೇಶದ ಟಿ-೩ ಎಂಬ ಟೋಕಮಾಕ್ ಯಂತ್ರದಲ್ಲಿ ಸುಮಾರು ಒಂದು ಕೋಟಿ ಡಿಗ್ರಿ ಉಷ್ಣತೆ ಸಾಧಿಸಿದೆವೆಂದು ೧೯೬೮ರಲ್ಲಿ ಆರ್ಟ್ಸಿಮೋವಿಚ್ ತಿಳಿಸಿದಾಗ ಪಶ್ಚಿಮದವರು ನಂಬಲಿಲ್ಲ. ಅವರು ವಾದಕ್ಕಿಳಿಯದೆ ಇಂಗ್ಲೆಂಡಿನ ಕಲ್ಹಾಮ್ ಪ್ರಯೋಗಶಾಲೆಯವರನ್ನು ಮಾಸ್ಕೋಗೆ ಕರೆಸಿಕೊಂಡರು. ಇಂಗ್ಲಿಷರು ತಮ್ಮ ಲೇಸರ್ ಉಪಕರಣವನ್ನು ಹೊತ್ತು ಹೋಗಿ, ಬೆಳಕಿನ ಚದರಿಕೆಯಿಂದ ಅಳೆದು, ಹೇಳಿದ್ದು ನಿಜವೆಂದು ೧೯೬೯ರಲ್ಲಿ ಒಪ್ಪಿಕೊಂಡರು. ಶೀತಲ ಸಮರದ ನಟ್ಟನಡುವೆ ಎದುರಾಳಿಯ ಅಳತೆಗೋಲನ್ನು ಮನೆಯೊಳಗೆ ಬಿಟ್ಟುಕೊಂಡ ಈ ಧೈರ್ಯದಿಂದಲೇ ಟೋಕಮಾಕ್ ಮಾದರಿ ಲೋಕಮಾನ್ಯವಾಯಿತು. ಬಡಾಯಿಯಿಂದ ಬಾರದ ಗೌರವ ಪರೀಕ್ಷೆಯಿಂದ ಬಂದಿತು.

ಈಗ ಉಪಕರಣದ ರಚನೆಯ ಮಾತು. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ ಜೆಟ್ ಯಂತ್ರಕ್ಕಾಗಿ ಎರಡು ಬಗೆಯ ರೋಹಿತಮಾಪಕಗಳನ್ನು ನಿರ್ಮಿಸಿದರು. ಮೊದಲನೆಯದು ೧೯೯೬ರಲ್ಲಿ ನೆಲೆಗೊಂಡಿತು. ಅದರಲ್ಲಿ ನ್ಯೂಟ್ರಾನುಗಳು ಜಲಜನಕ ತುಂಬಿದ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದಕ್ಕೆ ಬಡಿಯುತ್ತವೆ. ಪೆಟ್ಟು ತಿಂದ ಪ್ರೋಟಾನುಗಳು ಮುಂದಕ್ಕೆ ಹಾರುತ್ತವೆ. ಪ್ರೋಟಾನಿಗೆ ವಿದ್ಯುದಂಶವಿರುವುದರಿಂದ ಅಯಸ್ಕಾಂತ ಅದರ ದಾರಿಯನ್ನು ಬಾಗಿಸುತ್ತದೆ. ಹೆಚ್ಚು ಶಕ್ತಿಯುಳ್ಳದ್ದು ಕಡಿಮೆ ಬಾಗುತ್ತದೆ, ಕಡಿಮೆ ಶಕ್ತಿಯುಳ್ಳದ್ದು ಹೆಚ್ಚು. ಅವು ಎಲ್ಲೆಲ್ಲಿ ಬಿದ್ದುವೆಂಬುದರಿಂದ ರೋಹಿತ ಸಿದ್ಧವಾಗುತ್ತದೆ. ಈ ರಚನೆಯಲ್ಲಿ ಒಂದು ಧರ್ಮಸಂಕಟವುಂಟು. ಹಾಳೆ ದಪ್ಪವಾದಷ್ಟೂ ಹೆಚ್ಚು ಪ್ರೋಟಾನುಗಳು ಸಿಕ್ಕುತ್ತವೆ. ಆದರೆ ಹಾಳೆಯೊಳಗೇ ಅವು ತಮ್ಮ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಅಳತೆ ಮಸುಕಾಗುತ್ತದೆ. ಹಾಳೆ ತೆಳುವಾದಷ್ಟೂ ಅಳತೆ ಸ್ಪಷ್ಟ. ಆದರೆ ಸಿಕ್ಕುವ ಕಣಗಳು ವಿರಳ. ಹೆಚ್ಚು ಸಾಕ್ಷಿಗಳು ಬೇಕೆ, ಸ್ಪಷ್ಟವಾಗಿ ನುಡಿಯುವ ಸಾಕ್ಷಿಗಳು ಬೇಕೆ? ಎರಡನ್ನೂ ಪೂರ್ಣವಾಗಿ ಪಡೆಯಲು ಯಾವ ಜಾಣನಿಗೂ ಸಾಧ್ಯವಿಲ್ಲ. ಏನನ್ನು ತಿಳಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಹಾಳೆಯ ದಪ್ಪವನ್ನು ಆರಿಸಬೇಕು.

ಎರಡನೆಯದು ೨೦೦೫ರಲ್ಲಿ ಸ್ಥಾಪಿತವಾದ ಟೋಫೋರ್. ಯಂತ್ರದ ಮೇಲಣ ಮಾಳಿಗೆಯಲ್ಲಿ ಕುಳಿತು, ಪ್ಲಾಸ್ಮಾದಿಂದ ಸುಮಾರು ೧೯ ಮೀಟರ್ ಎತ್ತರದಿಂದ ಅದು ಕೆಳಕ್ಕೆ ನೋಡುತ್ತಿತ್ತು. ನ್ಯೂಟ್ರಾನ್ ಮೊದಲು ಐದು ಬಿಲ್ಲೆಗಳ ಒಂದು ಗುಂಪಿಗೆ ತಾಕಿ, ಅಲ್ಲಿಂದ ಚದರಿ, ಮೇಲೆ ಉಂಗುರದಂತೆ ಜೋಡಿಸಿದ ೩೨ ಗ್ರಾಹಕಗಳಲ್ಲೊಂದನ್ನು ಸೇರುತ್ತದೆ. ಈ ಎರಡು ತಾಕುಗಳ ನಡುವಿನ ಕಾಲವನ್ನು ಅಳೆದರೆ ವೇಗ ತಿಳಿಯುತ್ತದೆ. ೨.೪೫ ದಶಲಕ್ಷ ವೋಲ್ಟಿನ ನ್ಯೂಟ್ರಾನಿಗೆ ಆ ಕಾಲ ಸೆಕೆಂಡಿನ ನೂರು ಕೋಟಿಯಲ್ಲಿ ೬೫ ಪಾಲು ಮಾತ್ರ. ಇಲ್ಲಿ ಒಂದು ತೊಡಕುಂಟು: ಹೆಚ್ಚು ಓರೆಯಾಗಿ ಚದರಿದ ನ್ಯೂಟ್ರಾನ್ ಹೆಚ್ಚು ಶಕ್ತಿಯನ್ನು ಕಳೆದುಕೊಂಡು ನಿಧಾನವಾಗುತ್ತದೆ. ಹಾಗಾದರೆ ಕಾಲದಿಂದ ಮೂಲ ಶಕ್ತಿಯನ್ನು ಹೇಳುವುದು ಹೇಗೆ? ಪರಿಹಾರ ಶಾಲೆಯ ರೇಖಾಗಣಿತದಲ್ಲಿಯೇ ಇತ್ತು. ಬಿಲ್ಲೆಗಳನ್ನೂ ಗ್ರಾಹಕಗಳನ್ನೂ ಒಂದೇ ಕಾಲ್ಪನಿಕ ಗೋಳದ ಮೈಮೇಲೆ ಜೋಡಿಸಿದರು. ಓರೆ ಹೆಚ್ಚಿದಷ್ಟೂ ವೇಗ ತಗ್ಗುತ್ತದೆ. ಗೋಳದೊಳಗಿನ ಜ್ಯಾರೇಖೆಯೂ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಆದಕಾರಣ ಯಾವ ಓರೆಯಲ್ಲಿ ಹೋದರೂ ಹಿಡಿಯುವ ಕಾಲ ಒಂದೇ. ಕಾವ್ಯವನ್ನು ಓದುವವನಿಗೆ ಆಗುವ ಆನಂದವೇ ನನಗೆ ಇದನ್ನು ಅರಿತಾಗ ಆಯಿತೆಂದು ಹೇಳಲು ಸಂಕೋಚವಿಲ್ಲ.

ಇಂಥ ಉಪಕರಣಗಳು ಉಷ್ಣತೆಯೊಂದನ್ನೇ ಹೇಳುವುದಿಲ್ಲ. ಹೊರಗಿನಿಂದ ನೂಕಿದ ಕಣಗಳ ಕೆಲಸವೆಷ್ಟು, ಪ್ಲಾಸ್ಮಾದ ಸ್ವಂತ ಕಾವಿನ ಕೆಲಸವೆಷ್ಟು ಎಂಬುದನ್ನು ಬೇರ್ಪಡಿಸಿ ತೋರುತ್ತವೆ. ಜೆಟ್ ಯಂತ್ರದಲ್ಲಿ ೧೯೯೭ರಲ್ಲಿ ಟ್ರಿಟಿಯಂ ಪ್ರಯೋಗಗಳು ನಡೆದಾಗ, ಸಮ್ಮಿಲನದಿಂದ ಹುಟ್ಟಿದ ಹೀಲಿಯಂ ಬೀಜಗಳು ಇಂಧನದ ಬೀಜಗಳಿಗೆ ಪೆಟ್ಟು ಕೊಟ್ಟು ಅವನ್ನು ಮತ್ತಷ್ಟು ವೇಗಕ್ಕೆ ಏರಿಸಿದ ಗುರುತು, ೧೪ ದಶಲಕ್ಷ ವೋಲ್ಟಿನ ಗುಡ್ಡದಾಚೆಗೆ ಚಾಚಿದ ಒಂದು ತೆಳುವಾದ ಬಾಲದಲ್ಲಿ ಕಂಡಿತು. ತಾನೇ ತನ್ನನ್ನು ಕಾಯಿಸಿಕೊಳ್ಳುವ ಬೆಂಕಿಯ ಮೊದಲ ಉಸಿರು ಅಂಥ ಬಾಲದಲ್ಲಿ ಅಡಗಿರುತ್ತದೆ. ಎಣಿಕೆಯ ಯಂತ್ರಕ್ಕೆ ಅದು ಕಾಣದು.

ಇದಕ್ಕೆ ಆಕ್ಷೇಪಣೆಗಳುಂಟು. ಅಳೆಯುವುದರಿಂದ ವಿದ್ಯುತ್ತು ಬರುವುದೇ, ಥರ್ಮಾಮೀಟರಿನಿಂದ ಜ್ವರ ಇಳಿಯುವುದೇ ಎಂದು ಕೇಳುವವರಿದ್ದಾರೆ. ವಿದ್ಯುತ್ತು ಬಂದ ದಿನ ಮನೆಯ ಮೀಟರೇ ಸಾಕ್ಷಿಯಾಗುವುದರಿಂದ ಈ ಸೂಕ್ಷ್ಮ ಉಪಕರಣಗಳಿಗೆ ಏಕೆ ಹಣ ಸುರಿಯಬೇಕೆಂಬುದು ಇನ್ನೊಂದು ವಾದ. ಮಾತಿನಲ್ಲಿ ಸ್ವಲ್ಪ ತಥ್ಯವಿದೆ. ಆದರೆ ಆ ದಿನ ಬರುವ ತನಕ ನಾವು ನಡೆಯುವ ದಾರಿಯಲ್ಲಿ ಮೀಟರು ಇಲ್ಲ. ಭರವಸೆಗಳು ಮಾತ್ರ ಇವೆ. ಭರವಸೆಯ ಕಾಲದಲ್ಲಿಯೇ ಒರೆಗಲ್ಲು ಹೆಚ್ಚು ಬೇಕು. ಥರ್ಮಾಮೀಟರಿನಿಂದ ಜ್ವರ ಇಳಿಯದು, ನಿಜ. ಆದರೆ ಅದಿಲ್ಲದೆ ಕೊಟ್ಟ ಔಷಧ ಫಲಿಸಿತೆ ಎಂದು ತಿಳಿಯುವ ಬಗೆ ಯಾವುದು? ಇಷ್ಟಾಗಿಯೂ ರೋಹಿತಮಾಪಕ ತಪ್ಪೇ ಮಾಡದೆಂದು ನಾನು ಹೇಳುತ್ತಿಲ್ಲ. ಗೋಡೆಗೆ ಬಡಿದು ಮರಳಿದ ನ್ಯೂಟ್ರಾನುಗಳು ಸುಳ್ಳು ಸಾಕ್ಷ್ಯ ಹೇಳಬಲ್ಲವು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಾಕುಗಳು ಆಕಸ್ಮಿಕವಾಗಿ ಜೋಡಿಯಂತೆ ತೋರಬಲ್ಲವು. ಸಾಕ್ಷಿಯನ್ನೂ ಪಾಟೀಸವಾಲಿಗೆ ಒಳಪಡಿಸಬೇಕು. ಒಂದು ಉಪಕರಣದ ಮಾತನ್ನು ಇನ್ನೊಂದರ ಮಾತಿನೊಡನೆ ಹೋಲಿಸಬೇಕು. ಅಳತೆಯ ಶಾಸ್ತ್ರವೆಂದರೆ ಅದೇ.

ಅಮೆರಿಕದ ಯೂಟಾದಲ್ಲಿ ೧೯೮೯ರ ಮಾರ್ಚಿನಲ್ಲಿ ಇಬ್ಬರು ರಸಾಯನ ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿಯೇ ಸಮ್ಮಿಲನ ಸಾಧಿಸಿದೆವೆಂದು ಸಾರಿದಾಗಲೂ ಕೊನೆಗೆ ತೀರ್ಪು ಕೊಟ್ಟುದು ನ್ಯೂಟ್ರಾನುಗಳ ಮೌನವೇ. ಅವರು ಹೇಳಿದಷ್ಟು ಶಾಖ ಗೊತ್ತಿರುವ ಬಗೆಯ ಸಮ್ಮಿಲನದಿಂದ ಬಂದಿದ್ದರೆ, ಹೊಮ್ಮಿದ ನ್ಯೂಟ್ರಾನುಗಳು ಪಕ್ಕದಲ್ಲಿ ನಿಂತವರ ಪ್ರಾಣವನ್ನೇ ತೆಗೆಯಬೇಕಾಗಿತ್ತು. ಅವರು ಕ್ಷೇಮವಾಗಿದ್ದುದೇ ಅವರ ಮಾತಿಗೆ ವಿರುದ್ಧವಾದ ಸಾಕ್ಷ್ಯವಾಯಿತು.

ಈ ವಿಚಾರ ನಮಗೆ ದೂರದ್ದಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 'ಆದಿತ್ಯ' ಎಂಬ ಟೋಕಮಾಕ್ ೧೯೮೯ರಲ್ಲಿ ಆರಂಭವಾಯಿತು. ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ಇಟರ್ ಯಂತ್ರದ ಏಳು ಪಾಲುದಾರರಲ್ಲಿ ಭಾರತವೂ ಒಂದು; ನಿರ್ಮಾಣದ ಸುಮಾರು ನೂರಕ್ಕೆ ಒಂಬತ್ತು ಪಾಲು ನಮ್ಮದು. ಯಂತ್ರವನ್ನು ಸುತ್ತುವರಿಯುವ ೩೮೫೦ ಟನ್ನಿನ ಮಹಾಪಾತ್ರೆಯ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದುವು. ೨೦೨೪ರಲ್ಲಿ ಪ್ರಕಟವಾದ ಪರಿಷ್ಕೃತ ಯೋಜನೆಯ ಪ್ರಕಾರ ಅಲ್ಲಿ ಟ್ರಿಟಿಯಂ ಬಳಸಿ ಪೂರ್ಣಪ್ರಮಾಣದ ಪ್ರಯೋಗಗಳು ಆರಂಭವಾಗುವುದು ೨೦೩೯ರಲ್ಲಿ. ಭಾಭಾ ಅವರು ಕಂಡ ಎರಡು ದಶಕಗಳು ಎಂಟು ದಶಕಗಳಾಗಿ ಬೆಳೆದಿವೆ. ಇಷ್ಟು ದೀರ್ಘವಾದ ನಿರೀಕ್ಷೆಯಲ್ಲಿ ಜನದ ನಂಬಿಕೆಯೇ ನಿಜವಾದ ಬಂಡವಾಳ. ಸುಳ್ಳು ಘೋಷಣೆಯೊಂದು ಅದನ್ನು ಕರಗಿಸಬಲ್ಲದು.

ಆದ್ದರಿಂದ ನನ್ನ ಕೋರಿಕೆ ಮೂರು. ಸಮ್ಮಿಲನದಲ್ಲಿ ಜಯ ಸಾಧಿಸಿದೆವೆಂದು ಹೇಳುವ ಯಾರೇ ಆಗಲಿ, ಸರಕಾರದ ಸಂಸ್ಥೆಯಾಗಲಿ ಖಾಸಗಿ ಬಂಡವಾಳದವರಾಗಲಿ, ನ್ಯೂಟ್ರಾನುಗಳ ಸಂಖ್ಯೆಯನ್ನು ಮಾತ್ರವಲ್ಲದೆ ಅವುಗಳ ರೋಹಿತವನ್ನೂ ಲೋಕದ ಮುಂದಿಡಬೇಕು. ಯಂತ್ರವನ್ನು ಕಲ್ಪಿಸುವ ಮೊದಲ ದಿನದಿಂದಲೇ ಅಳೆಯುವವನಿಗೆ ಒಂದು ಕಿಂಡಿಯನ್ನೂ ಒಂದು ಆಸನವನ್ನೂ ಕಾದಿಡಬೇಕು. ಎಲ್ಲ ಮುಗಿದ ಮೇಲೆ ಉಳಿದ ಸಂದಿಯಲ್ಲಿ ಅವನನ್ನು ತುರುಕಬಾರದು. ಮೂರನೆಯದು ನಮ್ಮ ಕನ್ನಡದವರಿಗೆ. ೨೦೨೨ರ ಡಿಸೆಂಬರ್ ೫ರಂದು ಅಮೆರಿಕದ ಲೇಸರ್ ಪ್ರಯೋಗದಲ್ಲಿ ಇಂಧನವಿದ್ದ ಗುರಿಗೆ ೨.೦೫ ದಶಲಕ್ಷ ಜೂಲ್ ಕೊಟ್ಟು ೩.೧೫ ದಶಲಕ್ಷ ಜೂಲ್ ಪಡೆದುದನ್ನು ನಾವು ಓದಿದೆವು. ಆ ಲೇಸರುಗಳನ್ನು ನಡೆಸಲು ಸುಮಾರು ೩೦೦ ದಶಲಕ್ಷ ಜೂಲ್ ವಿದ್ಯುತ್ತು ಬೇಕಾಯಿತೆಂಬುದನ್ನೂ, ಪಡೆದುದನ್ನು ಯಾವ ಉಪಕರಣಗಳಿಂದ ಅಳೆದರೆಂಬುದನ್ನೂ ಎಷ್ಟು ಜನ ಬರೆದರು, ಎಷ್ಟು ಜನ ಕೇಳಿದರು? ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದೆಂದರೆ ಫಲಿತಾಂಶವನ್ನು ಅನುವಾದಿಸುವುದಲ್ಲ. 'ಇದು ನಿಮಗೆ ಹೇಗೆ ಗೊತ್ತು?' ಎಂದು ಕನ್ನಡದಲ್ಲಿ ಕೇಳಲು ಕಲಿಸುವುದು.

ಸಮ್ಮಿಲನದ ಬೆಂಕಿ ಎಂದಾದರೊಂದು ದಿನ ನಮ್ಮ ಮನೆಗಳ ದೀಪವನ್ನು ಬೆಳಗಿಸಲಿ ಎಂಬುದು ಎಲ್ಲರ ಆಸೆ, ನನ್ನದೂ ಹೌದು. ಆದರೆ ಆ ದಿನ ಬಂದಿತೆಂದು ಹೇಳುವ ಹಕ್ಕು ಬೆಂಕಿ ಹೊತ್ತಿಸಿದವನಿಗಿಲ್ಲ, ಅವನನ್ನು ಹೊಗಳುವ ನಮಗೂ ಇಲ್ಲ. ಅದು ದಡದಲ್ಲಿ ನಿಂತು ನೋಡುವ ಆ ತಟಸ್ಥನಿಗೆ ಸೇರಿದ್ದು. ಅವನು 'ಇನ್ನೂ ಇಲ್ಲ' ಎಂದು ನುಡಿದ ದಿನ ಆ ಮಾತನ್ನು ತಾಳ್ಮೆಯಿಂದ ಕೇಳುವ ಸಮಾಜಕ್ಕೆ ಮಾತ್ರ, 'ಹೌದು' ಎಂದು ಅವನು ಹೇಳುವ ದಿನ ಅದನ್ನು ನಂಬುವ ಯೋಗ್ಯತೆ ಇರುತ್ತದೆ.